ಜೆಟ್ಟಿಂಗ್ ಗಾಡಿ: ಬಾರ್ ಎಷ್ಟು ಅಂತ ಕೇಳಿದರೆ ಸಾಲದು, ಲೀಟರ್ ಎಷ್ಟು ಅಂತಲೂ ಕೇಳಿ

ಮನೆಯಲ್ಲಿ ಕಾರು, ಬೈಕು ತೊಳೆಯುವ ಪ್ರೆಷರ್ ವಾಷರ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘120 ಬಾರ್’, ‘130 ಬಾರ್’ ಅಂತ ಬರೆದಿರುತ್ತದೆ. ಒಳಚರಂಡಿ ಕಟ್ಟಿಕೊಂಡಾಗ ರಭಸದ ನೀರು ಚಿಮ್ಮಿಸಿ ಪೈಪು ಬಿಡಿಸಲು ಬೀದಿಗೆ ಜೆಟ್ಟಿಂಗ್ ಗಾಡಿ ಬರುತ್ತದಲ್ಲ, ಅದರ ಗೇಜು ನೋಡಿದರೆ ಅಲ್ಲೂ ಮುಳ್ಳು ಸಾಮಾನ್ಯವಾಗಿ 100ರಿಂದ 150ರ ನಡುವೆಯೇ ಆಡುತ್ತಿರುತ್ತದೆ. ಒಂದು ಕೈಯಲ್ಲಿ ಎತ್ತಿಕೊಂಡು ಹೋಗುವ ಮೆಷಿನ್ನು, ಇನ್ನೊಂದು ಇಡೀ ಲಾರಿ. ಎರಡರ ಒತ್ತಡವೂ ಹೆಚ್ಚುಕಮ್ಮಿ ಒಂದೇ. ಹಾಗಿದ್ದರೆ ಲಾರಿ ಯಾಕೆ ಬೇಕು? ವಾಷರ್‌ನ ಪೈಪನ್ನೇ ಚೇಂಬರ್‌ಗೆ ಇಳಿಸಿದರೆ ಆಗಲ್ವಾ?

ಆಗಲ್ಲ. ಯಾಕೆ ಅನ್ನೋದು ಗೊತ್ತಾದರೆ ಈ ಕೆಲಸದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಬಾರ್ ಅನ್ನುವುದು ಒತ್ತಡದ ಅಳತೆ. ಸುಮಾರು ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಹಾಕುವ ಒತ್ತಡ ಒಂದು ಬಾರ್. ಎರಡು ಮಹಡಿ ಮೇಲಿನ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ಒತ್ತಡ ಒಂದು ಬಾರ್ ಕೂಡ ಇರುವುದಿಲ್ಲ. 100 ಬಾರ್ ಅಂದರೆ ಸಾವಿರ ಮೀಟರ್ ಎತ್ತರದ ನೀರು. ಜೋಗದ ಎತ್ತರ 253 ಮೀಟರ್. ನಾಲ್ಕು ಜೋಗವನ್ನು ಒಂದರ ಮೇಲೊಂದು ನಿಲ್ಲಿಸಿ, ಅಷ್ಟೂ ಉದ್ದದ ಪೈಪಿಗೆ ನೀರು ತುಂಬಿಸಿ, ಬುಡದಲ್ಲಿ ಸಣ್ಣ ತೂತು ಕೊರೆದರೆ ಹೇಗೆ ಚಿಮ್ಮೀತೋ ಹಾಗೆ.

ಆ ತೂತಿನಿಂದ ಹೊರಬೀಳುವ ನೀರಿನ ವೇಗವನ್ನು ಲೆಕ್ಕ ಹಾಕಬಹುದು. 100 ಬಾರ್‌ಗೆ ಸೆಕೆಂಡಿಗೆ ಸುಮಾರು 141 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್‌ಗೂ ಜಾಸ್ತಿ. ತೂತು ದೊಡ್ಡದಿರಲಿ ಚಿಕ್ಕದಿರಲಿ, ಒತ್ತಡ ಒಂದೇ ಆದರೆ ವೇಗವೂ ಒಂದೇ. ಹಾಗಾಗಿ ವೇಗದಲ್ಲಿ ಮನೆಯ ವಾಷರ್ ಲಾರಿಗೆ ಏನೂ ಕಮ್ಮಿಯಿಲ್ಲ. ವ್ಯತ್ಯಾಸ ಇರುವುದು ನಿಮಿಷಕ್ಕೆ ಎಷ್ಟು ಲೀಟರ್ ಹೊರಬೀಳುತ್ತದೆ ಅನ್ನುವುದರಲ್ಲಿ. ಮನೆಯದು ನಿಮಿಷಕ್ಕೆ ಐದಾರು ಲೀಟರ್ ಕೊಡುತ್ತದೆ. ಚರಂಡಿಯ ಗಾಡಿ 200, 300, ಕೆಲವು ಸಲ ಇನ್ನೂ ಜಾಸ್ತಿ. ಡಬ್ಬದ ಮೇಲೆ ಈ ಅಂಕಿಯೂ ಇರುತ್ತದೆ, ಆದರೆ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಈಗ ಚರಂಡಿಯ ಪೈಪಿನೊಳಗೆ ಏನಾಗಬೇಕು ಅಂತ ನೋಡಿ. ಅಲ್ಲಿ ಎರಡು ಕೆಲಸ ಇದೆ. ಒಂದು, ಗೋಡೆಗೆ ಅಂಟಿದ್ದನ್ನು, ತಳದಲ್ಲಿ ಗಟ್ಟಿಯಾಗಿ ಕೂತ ಹೂಳನ್ನು ಕೀಳಬೇಕು. ಇನ್ನೊಂದು, ಕಿತ್ತಿದ್ದನ್ನು ಅಲ್ಲಿಂದ ಸಾಗಿಸಬೇಕು. ಕೀಳುವುದು ಒತ್ತಡದ ಕೆಲಸ. ಸಾಗಿಸುವುದು ಲೀಟರ್‌ಗಳ ಕೆಲಸ. ಎಂಟು ಇಂಚಿನ ಪೈಪಿನಲ್ಲಿ ನಿಮಿಷಕ್ಕೆ ಆರು ಲೀಟರ್ ನೀರು ಬಿಟ್ಟರೆ ಅದು ತಳದಲ್ಲಿ ಸಣ್ಣ ಗೆರೆಯಾಗಿ ಹರಿಯುತ್ತದೆ, ಅಷ್ಟೆ. ಅದರಲ್ಲಿ ಮರಳು ತೇಲುವುದಿಲ್ಲ. ನಮ್ಮಲ್ಲಿ ಒಳಚರಂಡಿ ವಿನ್ಯಾಸ ಮಾಡುವಾಗಲೇ, ಹರಿವು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಇರಲೇಬೇಕು ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ನಿಧಾನವಾದರೆ ಮರಳು, ಮಣ್ಣು ತಳ ಹಿಡಿಯುತ್ತದೆ. ಮನೆಯ ವಾಷರ್, ಪೈಪಿನೊಳಗೆ ಕಟ್ಟಿಕೊಂಡ ಗಲೀಜಿನಲ್ಲಿ ಒಂದು ತೂತು ಕೊರೆಯಬಹುದು. ನೀರು ಸ್ವಲ್ಪ ಇಳಿಯುತ್ತದೆ, ಕೆಲಸ ಆಯಿತು ಅನ್ನಿಸುತ್ತದೆ. ಕೊರೆದ ಗಲೀಜು ನಾಲ್ಕು ಅಡಿ ಮುಂದೆ ಹೋಗಿ ಮತ್ತೆ ಕೂತಿರುತ್ತದೆ.

ಶಕ್ತಿಯ ಲೆಕ್ಕದಲ್ಲೂ ಇದು ಕಾಣುತ್ತದೆ. 100 ಬಾರ್‌ನಲ್ಲಿ ನಿಮಿಷಕ್ಕೆ ಆರು ಲೀಟರ್ ನೂಕಲು ಒಂದು ಕಿಲೋವ್ಯಾಟ್ ಸಾಕು, ಮನೆಯ ಪ್ಲಗ್ ಪಾಯಿಂಟ್ ತಡೆಯುತ್ತದೆ. ಅದೇ ಒತ್ತಡದಲ್ಲಿ 300 ಲೀಟರ್ ನೂಕಲು 50 ಕಿಲೋವ್ಯಾಟ್ ಬೇಕು, ಸುಮಾರು 67 ಎಚ್‌ಪಿ. ಅದಕ್ಕೇ ಲಾರಿಯ ಇಂಜಿನ್ ಶಕ್ತಿಯನ್ನೇ ಪಂಪಿಗೆ ತಿರುಗಿಸುತ್ತಾರೆ, ಇಲ್ಲವೇ ಹಿಂದೆ ಬೇರೆ ಡೀಸೆಲ್ ಇಂಜಿನ್ ಕೂರಿಸುತ್ತಾರೆ. ಗಾಡಿ ಬಂದಾಗ ಬೀದಿಯೆಲ್ಲ ಗಡಗಡ ಅನ್ನುವುದು ಇದಕ್ಕೇ.

ಪಂಪು, ಹೋಸ್, ನಾಝಲ್

ಪಂಪಿನೊಳಗೆ ಇರುವುದು ಮೂರು ಪ್ಲಂಜರ್‌ಗಳು, ಅಂದರೆ ಹಿಂದೆ ಮುಂದೆ ಆಡುವ ದಂಡಗಳು. ಒಂದರ ಹಿಂದೊಂದು ಸರದಿಯಲ್ಲಿ ನೀರನ್ನು ಒತ್ತುತ್ತವೆ. ಒಂದೇ ಇದ್ದರೆ ನೀರು ಎಗರಿ ಎಗರಿ ಬರುತ್ತಿತ್ತು. ಮೂರಿದ್ದರೆ ಹರಿವು ಸಮನಾಗುತ್ತದೆ. ಮಲೆನಾಡು, ದಕ್ಷಿಣ ಕನ್ನಡದ ಅಡಿಕೆ ತೋಟದವರಿಗೆ ಇದು ಹೊಸದೇನಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ಎಚ್‌ಟಿಪಿ ಪಂಪಿನ ಹೊಟ್ಟೆಯಲ್ಲೂ ಇರುವುದು ಇದೇ ಮೂರು. ಅಲ್ಲಿ ಒತ್ತಡ ಕಮ್ಮಿ, 20ರಿಂದ 40 ಬಾರ್. ರಸ್ತೆ ಬದಿಯ ಎಷ್ಟೋ ‘ವಾಟರ್ ಸರ್ವಿಸ್’ ಅಂಗಡಿಗಳಲ್ಲಿ ಗಾಡಿ ತೊಳೆಯುವುದೂ ಇಂಥದ್ದೇ ಪಂಪಿನಿಂದ.

ಹೋಸ್ ಬಗ್ಗೆ ಒಂದು ಮಾತು. ಉದ್ದ ಹೆಚ್ಚಿದಷ್ಟೂ ದಾರಿಯಲ್ಲೇ ಒತ್ತಡ ಸೋರಿಹೋಗುತ್ತದೆ, ಒಳಗೋಡೆಯ ಉಜ್ಜಾಟಕ್ಕೆ. ಅದೇ ಹರಿವಿಗೆ ಹೋಸ್‌ನ ಅಗಲವನ್ನು ಅರ್ಧ ಮಾಡಿದರೆ ಈ ನಷ್ಟ ಎರಡು ಪಟ್ಟಲ್ಲ, ಸುಮಾರು 32 ಪಟ್ಟು ಆಗುತ್ತದೆ. ಆದ್ದರಿಂದ ಗಾಡಿಯ ಗೇಜಿನಲ್ಲಿ 150 ತೋರಿಸಿದರೂ ನೂರಿಪ್ಪತ್ತು ಮೀಟರ್ ಆಚೆ, ಹೋಸ್ ತುದಿಯ ನಾಝಲ್ ಹತ್ತಿರ ಎಷ್ಟು ಉಳಿದಿದೆ ಅನ್ನುವುದು ಬೇರೆಯೇ ಪ್ರಶ್ನೆ. ತೆಳು ಹೋಸ್ ಹಾಕಿಕೊಂಡು ‘ನಮ್ಮದು 200 ಬಾರ್ ಮೆಷಿನ್ನು ಸಾರ್’ ಅನ್ನುವವರ ಮಾತಿಗೆ ಹೆಚ್ಚು ಬೆಲೆ ಇಲ್ಲ.

ನಿಜವಾದ ಜಾಣತನ ಇರುವುದು ನಾಝಲ್‌ನಲ್ಲಿ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ, ಮೊಟ್ಟೆಯಾಕಾರದ ಉಕ್ಕಿನ ತುಂಡು. ಮೊದಲ ಸಲ ನೋಡಿದವರಿಗೆ ಆಶ್ಚರ್ಯ ಆಗುವುದು, ಅದರ ಹೆಚ್ಚಿನ ತೂತುಗಳು ಮುಂದಕ್ಕಲ್ಲ, ಹಿಂದಕ್ಕೆ ಮುಖ ಮಾಡಿರುತ್ತವೆ. ಬ್ಲಾಕ್ ಮುಂದಿದೆ, ನೀರು ಮಾತ್ರ ಹಿಂದಕ್ಕೆ! ಆದರೆ ನೀರು ಹಿಂದಕ್ಕೆ ಚಿಮ್ಮಿದಾಗ ನಾಝಲ್ ಮುಂದಕ್ಕೆ ನೂಕಿಸಿಕೊಳ್ಳುತ್ತದೆ. 100 ಬಾರ್, ನಿಮಿಷಕ್ಕೆ 300 ಲೀಟರ್ ಇದ್ದರೆ ಈ ನೂಕು ಸುಮಾರು 70 ಕಿಲೋ ತೂಕದಷ್ಟು. ಇಷ್ಟು ಬಲ ಬೇಕಾ? ಬೇಕು. ಒಂದು ಇಂಚಿನ ಹೋಸ್‌ನ ಪ್ರತಿ ಮೀಟರ್‌ನಲ್ಲಿ ಅರ್ಧ ಲೀಟರ್ ನೀರಿರುತ್ತದೆ. ನೂರಿಪ್ಪತ್ತು ಮೀಟರ್ ಹೋಸ್ ಅಂದರೆ ಒಳಗಿನ ನೀರೇ 60 ಕಿಲೋ, ಹೋಸ್‌ನ ತೂಕ ಬೇರೆ. ಅದನ್ನೆಲ್ಲ ಎಳೆದುಕೊಂಡು ನಾಝಲ್ ತಾನಾಗಿ ಪೈಪಿನೊಳಗೆ ತೆವಳಿಕೊಂಡು ಹೋಗಬೇಕು. ಯಾರೂ ಹಿಂದಿನಿಂದ ನೂಕುವುದಿಲ್ಲ, ನೂಕಿದರೂ ಹೋಸ್ ಮಡಚಿಕೊಳ್ಳುತ್ತದೆ ಅಷ್ಟೆ.

ಹಿಂದಿನ ತೂತುಗಳು ಹೋಸ್‌ಗೆ ಹತ್ತಿರವಾಗಿ, ಸುಮಾರು 15 ಡಿಗ್ರಿಯಲ್ಲಿ ಇದ್ದರೆ ಎಳೆತ ಜಾಸ್ತಿ. ದೂರ ಹೋಗಲು, ಮರಳು ಎಳೆದು ತರಲು ಅದು ಒಳ್ಳೆಯದು. 30 ಡಿಗ್ರಿ ಮೇಲೆ ಹೋದರೆ ನೀರು ಗೋಡೆಗೆ ಬಡಿಯುತ್ತದೆ. ಎಳೆತ ಸ್ವಲ್ಪ ಕಮ್ಮಿಯಾದರೂ ಜಿಡ್ಡು ಚೆನ್ನಾಗಿ ಕೀಳುತ್ತದೆ. ಪೂರ್ತಿ ಮುಚ್ಚಿದ ಬ್ಲಾಕ್‌ಗೆ ಮಾತ್ರ ಮುಂದಕ್ಕೂ ಒಂದು ತೂತಿರುವ ನಾಝಲ್ ಹಾಕುತ್ತಾರೆ. ಬೇರು ಕತ್ತರಿಸಲು ಗರಗರ ತಿರುಗುವ, ಸರಪಳಿ ಕಟ್ಟಿದ ತಲೆಗಳೂ ಇವೆ. ಒಂದೇ ನಾಝಲ್ ಇಟ್ಟುಕೊಂಡು ಎಲ್ಲ ಕೆಲಸಕ್ಕೂ ಬರುವವರು ಅರ್ಧ ಕೆಲಸ ಮಾತ್ರ ಮಾಡುತ್ತಾರೆ.

ತೂತಿನ ಸವೆತವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಟು ತೂತಿನ ನಾಝಲ್ ಇದೆ ಅಂದುಕೊಳ್ಳಿ. 300 ಲೀಟರ್ ನೀರು 100 ಬಾರ್‌ನಲ್ಲಿ ಹೋಗಬೇಕಾದರೆ ಒಂದೊಂದು ತೂತೂ ಸುಮಾರು 2.4 ಮಿಲಿಮೀಟರ್ ಇರಬೇಕು. ಮರಳು ನೀರಿಗೆ ಸವೆದು ಅದು 2.7 ಆಯಿತು. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಪಂಪ್ ಅದೇ, ಡೀಸೆಲ್ ಅದೇ, ಆದರೆ ಒತ್ತಡ 100ರಿಂದ ಸುಮಾರು 62 ಬಾರ್‌ಗೆ ಇಳಿದಿರುತ್ತದೆ. ಮೆಷಿನ್ನಿಗೆ ವಯಸ್ಸಾಯ್ತು ಅಂತ ಬೈಯುವ ಮುಂಚೆ ನಾಝಲ್ ಬದಲಿಸಿ ನೋಡಬೇಕು.

ತುಂಬಿದ ಚೇಂಬರ್ ಬಿಟ್ಟು ಖಾಲಿ ಚೇಂಬರ್‌ಗೆ ಯಾಕೆ?

ಬೀದಿಯಲ್ಲಿ ಒಂದು ಚೇಂಬರ್ ಉಕ್ಕುತ್ತಿದೆ. ಗಾಡಿ ಬರುತ್ತದೆ. ಕೆಲಸ ಬಲ್ಲವರು ಅದರ ಹತ್ತಿರ ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ಚೇಂಬರ್‌ಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುತ್ತಾ ಹೋಗುತ್ತಾರೆ. ಒಂದು ತುಂಬಿದೆ, ಅದರ ಮುಂದಿನದು ಖಾಲಿ. ಹಾಗಾದರೆ ಬ್ಲಾಕ್ ಇರುವುದು ಈ ಎರಡರ ಮಧ್ಯೆ. ಹೋಸ್ ಇಳಿಸುವುದು ಖಾಲಿ ಚೇಂಬರ್‌ಗೆ. ನಾಝಲ್ ಇಳಿಜಾರಿನ ವಿರುದ್ಧ ಮೇಲಕ್ಕೆ, ಬ್ಲಾಕಿನ ಕಡೆಗೆ ತೆವಳುತ್ತದೆ.

ನೋಡುವವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ‘ತುಂಬಿರೋದು ಇಲ್ಲಿ, ನೀವು ಅಲ್ಲಿ ಏನು ಮಾಡ್ತಾ ಇದ್ದೀರ?’ ಅಂತ ಕೇಳುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಕಾರಣ ಸರಳ. ಖಾಲಿ ಚೇಂಬರ್‌ನಲ್ಲಿ ಪೈಪಿನ ಬಾಯಿ ಕಾಣುತ್ತದೆ. ಕೊಳಚೆ ತುಂಬಿದ್ದರಲ್ಲಿ ತಡಕಾಡಬೇಕು. ಎರಡನೆಯದು, ಹಿಂದಕ್ಕೆ ಚಿಮ್ಮುವ ನೀರು, ಪೈಪಿನ ಇಳಿಜಾರು, ಬ್ಲಾಕ್ ಬಿಟ್ಟ ಕೂಡಲೇ ಮೇಲಿನಿಂದ ನುಗ್ಗುವ ಕೊಳಚೆ, ಮೂರೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. ಗಲೀಜೆಲ್ಲ ನೀವು ನಿಂತ ಚೇಂಬರ್‌ಗೇ ಬಂದು ಬೀಳುತ್ತದೆ. ಅಲ್ಲೇ ಅದನ್ನು ಹಿಡಿಯಬಹುದು. ಮೇಲಿನಿಂದ ತಳ್ಳಿದರೆ ಅದು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಮುಂದಿನ ಬೀದಿಯವರ ತಲೆನೋವಾಗುತ್ತದೆ.

ಹತ್ತಿರದಿಂದ ನೋಡಿದರೆ ಇನ್ನೂ ಕೆಲವು ಸಂಗತಿ ಕಾಣುತ್ತವೆ. ನಾಝಲ್ ಹಿಂದೆ ಒಂದು ಗಟ್ಟಿ ಪೈಪಿನ ತುಂಡು ಇರಬೇಕು, ಚರಂಡಿ ಪೈಪಿನ ಅಗಲಕ್ಕಿಂತ ಉದ್ದನೆಯದು. ಇಲ್ಲದಿದ್ದರೆ ನಾಝಲ್ ಒಳಗೇ ತಿರುಗಿಕೊಂಡು ವಾಪಸ್ ಬಂದು ಚೇಂಬರ್‌ನಿಂದ ಮೇಲಕ್ಕೆ ಎಗರಬಹುದು. ಹಾಗಾದರೆ ಮೇಲೆ ಬಗ್ಗಿ ನೋಡುತ್ತಿರುವವರ ಗತಿ ಕೇಳಬೇಡಿ. ಹೋಸ್‌ನ ತುದಿಯ ಕೆಲವು ಮೀಟರ್‌ಗೆ ಬೇರೆ ಬಣ್ಣ ಇರುತ್ತದೆ, ವಾಪಸ್ ಎಳೆಯುವಾಗ ಅದು ಕಂಡ ಕೂಡಲೇ ಒತ್ತಡ ಇಳಿಸಬೇಕು. ಪೈಪಿನ ಬಾಯಿಯ ಅಂಚಿಗೆ ಉಜ್ಜಿ ಹೋಸ್ ಹರಿಯದಂತೆ ಅದಕ್ಕೊಂದು ತೋಳು ತೊಡಿಸುತ್ತಾರೆ.

ನಾಝಲ್ ಒಳಗೆ ಹೋಗುವಾಗ ದಾರಿ ಮಾತ್ರ ಆಗುತ್ತದೆ. ಅಸಲಿ ತೊಳೆತ ಆಗುವುದು ವಾಪಸ್ ಬರುವಾಗ. ನೀರು ಚಾಲೂ ಇಟ್ಟು, ರೀಲ್ ಅನ್ನು ನಿಧಾನವಾಗಿ ಸುತ್ತಬೇಕು. ಐದು ಮೀಟರ್ ಒಳಗೆ ಬಿಟ್ಟು, ಎಳೆದು, ಮತ್ತೆ ಹತ್ತು ಮೀಟರ್ ಬಿಟ್ಟು, ಎಳೆದು, ಹೀಗೆ. ಒಂದೇ ಉಸಿರಿಗೆ ಕೊನೆಯವರೆಗೂ ಬಿಟ್ಟರೆ ಹಿಂದೆ ಮರಳು ಗುಡ್ಡೆಯಾಗಿ ಹೋಸ್ ಸಿಕ್ಕಿಕೊಳ್ಳುತ್ತದೆ. ನೀರು ಇಳಿದ ಕೂಡಲೇ ‘ಆಯ್ತು’ ಅಂತ ಹೋಸ್ ಸುತ್ತಿ ಹೊರಡುವ ಗಾಡಿ ಕೆಲವು ವಾರದಲ್ಲಿ ಅದೇ ಜಾಗಕ್ಕೆ ಬರಬೇಕಾಗುತ್ತದೆ.

ಈ ಹೊತ್ತಿನಲ್ಲಿ ನೆಲಮಹಡಿ ಮನೆಯವರು ಒಂದು ಕೆಲಸ ಮಾಡುವುದು ಒಳ್ಳೆಯದು. ಟಾಯ್ಲೆಟ್ ಮುಚ್ಚಳ ಹಾಕಿಡಿ. ಮುಖ್ಯ ಪೈಪಿನಲ್ಲಿ ಅಷ್ಟು ವೇಗದ ನೀರು ಓಡಿದಾಗ ಅದು ಮುಂದಿನ ಗಾಳಿಯನ್ನು ನೂಕುತ್ತದೆ, ಹಿಂದಿನದನ್ನು ಎಳೆಯುತ್ತದೆ. ಮನೆಯ ಪೈಪಿಗೆ ಗಾಳಿ ಆಡುವ ವೆಂಟ್ ಸರಿಯಾಗಿಲ್ಲದಿದ್ದರೆ ಆ ಒತ್ತಡ ಕಮೋಡ್‌ನ ನೀರನ್ನು ಮೇಲಕ್ಕೆ ಎರಚುತ್ತದೆ. ಕೆಲವು ಸಲ ಉಲ್ಟಾ, ಕಮೋಡ್ ಬಾಗಿನಲ್ಲಿ ನಿಂತ ನೀರನ್ನೆಲ್ಲ ಎಳೆದುಕೊಂಡು ಹೋಗಿ ಮನೆಯೆಲ್ಲ ಗಬ್ಬು ವಾಸನೆ ಮಾಡುತ್ತದೆ. ಒಂದು ಬಕೆಟ್ ನೀರು ಹಾಕಿದರೆ ಸರಿಹೋಗುತ್ತದೆ.

ಕಿತ್ತದ್ದನ್ನು ಎತ್ತುವವರು ಯಾರು?

ಜೆಟ್ ಗಲೀಜನ್ನು ಮಾಯ ಮಾಡುವುದಿಲ್ಲ. ಜಾಗ ಬದಲಿಸುತ್ತದೆ, ಅಷ್ಟೆ. ಪೈಪಿನಲ್ಲಿದ್ದ ಮರಳು, ಬಟ್ಟೆ, ಪ್ಯಾಡು, ಕೂದಲು, ಪ್ಲಾಸ್ಟಿಕ್ ಎಲ್ಲ ಚೇಂಬರ್ ತಳಕ್ಕೆ ಬಂದು ಗುಡ್ಡೆಯಾಗುತ್ತದೆ. ಅದನ್ನು ಎತ್ತಲು ಸಕ್ಕಿಂಗ್ ಗಾಡಿ ಬೇಕು, ಇಲ್ಲವೇ ಬಾಯಿ ಮುಚ್ಚಿ ಹಿಡಿಯುವ ಕಬ್ಬಿಣದ ಬಕೆಟ್ಟನ್ನು ತಂತಿಯಲ್ಲಿ ಇಳಿಸುವ ಗ್ರ್ಯಾಬ್ ಗಾಡಿ. ಹೀರುವುದಕ್ಕೂ ಮಿತಿ ಇದೆ. ಎಷ್ಟೇ ದೊಡ್ಡ ವ್ಯಾಕ್ಯೂಮ್ ಪಂಪ್ ಹಾಕಿದರೂ ಬರೀ ನೀರನ್ನು ಹತ್ತು ಮೀಟರ್‌ಗಿಂತ ಮೇಲಕ್ಕೆ ಹೀರಲು ಆಗದು, ಏಕೆಂದರೆ ಎತ್ತುವುದು ಪಂಪ್ ಅಲ್ಲ, ಹೊರಗಿನ ಗಾಳಿಯ ಒತ್ತಡ. ಬೆಂಗಳೂರಿನ ಒಳಚರಂಡಿ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಇಳಿಜಾರು ನಂಬಿಕೊಂಡು ಹರಿಯುತ್ತದೆ. ಇಳಿಜಾರು ಕಾಯ್ದುಕೊಳ್ಳಲು ಕೆಲವು ಕಡೆ ಪೈಪು ತುಂಬಾ ಆಳಕ್ಕೆ ಹೋಗಬೇಕಾಗುತ್ತದೆ. ಅಂಥ ಕಡೆ ಹೂಳು ಎತ್ತುವುದು ಜೆಟ್ ಹೊಡೆಯುವುದಕ್ಕಿಂತ ದೊಡ್ಡ ಕೆಲಸ.

ಗಾಡಿ ಬಂದರೂ ಮನುಷ್ಯರು ಇಳಿಯುವುದು ಯಾಕೆ ನಿಂತಿಲ್ಲ ಅಂತ ಕೇಳುತ್ತಾರಲ್ಲ, ಉತ್ತರದ ಒಂದು ಭಾಗ ಇಲ್ಲಿದೆ. ಜೆಟ್ ಇದೆ, ಎತ್ತುವ ಗಾಡಿ ಇಲ್ಲ. ಕಡೆಗೆ ಯಾರೋ ಒಬ್ಬರ ಕೈಗೆ ಬಕೆಟ್ ಕೊಟ್ಟು ‘ಐದೇ ನಿಮಿಷ’ ಅನ್ನುತ್ತಾರೆ. ಆ ಐದು ನಿಮಿಷದಲ್ಲೇ ಸಾವು ಬರುತ್ತದೆ. ಕೊಳೆತ ಹೂಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸಿಕ್ಕಿಕೊಂಡಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು) ಆಸುಪಾಸಿಗೆ ಹೋದರೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ, ವಾಸನೆ ನಿಂತಿತು, ಗಾಳಿ ಸರಿಯಾಯಿತು ಅನ್ನಿಸುತ್ತದೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ. ಇದರಲ್ಲಿ ಜೆಟ್ಟಿಂಗ್‌ನ ಪಾತ್ರವೂ ಇದೆ. ಹೂಳನ್ನು ಕಲಕಿದಾಗ ಅದರಲ್ಲಿ ಅಡಗಿದ್ದ ಅನಿಲವೆಲ್ಲ ಒಮ್ಮೆಲೇ ಹೊರಬರುತ್ತದೆ. ಆದ್ದರಿಂದ ‘ಜೆಟ್ ಹೊಡೆದಾಯ್ತು, ಈಗ ಇಳಿಯಬಹುದು’ ಅನ್ನುವ ಹೊತ್ತೇ ಅತಿ ಅಪಾಯದ ಹೊತ್ತು.

ಕಾನೂನು ಸ್ಪಷ್ಟವಾಗಿದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ, ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಸುರಕ್ಷತೆಯಿಲ್ಲದೆ ಜನರನ್ನು ಇಳಿಸುವುದನ್ನೂ ಅಪರಾಧ ಅನ್ನುತ್ತದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಜಲಮಂಡಳಿ, ಪಾಲಿಕೆಗಳಿಗೆ ಮಾತ್ರ ಅಂದುಕೊಂಡವರು ಬಹಳ. ಅಪಾರ್ಟ್‌ಮೆಂಟ್ ಸಂಘದವರೂ, ಸ್ವಂತ ಮನೆಯವರೂ ಇದರೊಳಗೇ ಬರುತ್ತಾರೆ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಈ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದನ್ನು ನಿಲ್ಲಿಸಬೇಕು ಅಂತ ಆದೇಶಿಸಿತು. ಕಿರಿದಾದ ಗಲ್ಲಿಗೆ ದೊಡ್ಡ ಲಾರಿ ಹೋಗಲ್ಲ ಅನ್ನುವುದು ಹಳೆಯ ನೆಪ. ದೆಹಲಿಯಲ್ಲಿ 2019ರಲ್ಲೇ ಗಲ್ಲಿಗಳಿಗೆ ಅಂತಲೇ 200 ಸಣ್ಣ ಗಾಡಿಗಳನ್ನು ಇಳಿಸಿದ್ದರು. ಕೇರಳದ ಯುವ ಇಂಜಿನಿಯರ್‌ಗಳು ಕಟ್ಟಿದ ‘ಬ್ಯಾಂಡಿಕೂಟ್’ ಅನ್ನುವ ರೋಬೋಟ್, ಮ್ಯಾನ್‌ಹೋಲ್ ತಳದ ಹೂಳನ್ನು ಬಾಚಿ ಬಕೆಟ್ಟಿನಲ್ಲಿ ಮೇಲೆತ್ತುತ್ತದೆ. ದಾರಿ ಇದೆ.

ಗಾಡಿ ನಡೆಸುವವರಿಗೂ ಅಪಾಯ ಕಮ್ಮಿಯಿಲ್ಲ. ಈ ವೇಗದ ನೀರು ಚರ್ಮವನ್ನು ಸೀಳಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ರಕ್ತವೂ ಬರದೇ ಇರಬಹುದು. ಒಳಗೆ ಮಾತ್ರ ಕೊಳಚೆ ನೀರು ಮಾಂಸದ ಪದರಗಳ ನಡುವೆ ಹರಡಿರುತ್ತದೆ. ಅರಿಶಿನ ಹಚ್ಚಿ ಬ್ಯಾಂಡೇಜ್ ಸುತ್ತಿ ಮನೆಗೆ ಹೋಗುವ ಗಾಯ ಅಲ್ಲ ಇದು. ತಡಮಾಡಿದರೆ ಬೆರಳು, ಕೆಲವು ಸಲ ಕೈಯೇ ಹೋಗುತ್ತದೆ. ‘ಹೈ ಪ್ರೆಷರ್ ನೀರು ಒಳಹೊಕ್ಕಿದೆ’ ಅಂತ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಹೊರಗಿನ ಗಾಯ ನೋಡಿ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಬಹುದು. ಇಲಿಗಳ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರ ಬರುವ ಅಪಾಯ ಇದರ ಮೇಲೆ. ಗಂಬೂಟು, ಗ್ಲೌಸು, ಮುಖದ ಶೀಲ್ಡು ಇಲ್ಲದೆ ಚಪ್ಪಲಿಯಲ್ಲಿ ನಿಂತು ಹೋಸ್ ಹಿಡಿದವರನ್ನು ನೋಡಿದಾಗ ನನಗೆ ಮೆಷಿನ್ನಿನ ಕಂಪನಿ, ಬಾರ್ ಯಾವುದೂ ಮುಖ್ಯ ಅನ್ನಿಸುವುದಿಲ್ಲ.

ಜೆಟ್‌ಗೂ ಬಗ್ಗದವು

ಗಾರೆ ಕೆಲಸದ ನೀರು, ಟೈಲ್ಸ್ ಕತ್ತರಿಸಿದ ಹಿಟ್ಟು, ಗ್ರಾನೈಟ್ ಪಾಲಿಶ್‌ನ ಕೆಸರು ಇವನ್ನು ಚೇಂಬರ್‌ಗೆ ಬಿಡುವುದು ನಮ್ಮ ಊರುಗಳಲ್ಲಿ ಮಾಮೂಲು. ಸಿಮೆಂಟ್ ನೀರೊಳಗೂ ಗಟ್ಟಿಯಾಗುತ್ತದೆ. ಒಮ್ಮೆ ಕಲ್ಲಾದರೆ 150 ಬಾರ್‌ಗೆ ಅದು ಅಲ್ಲಾಡುವುದೇ ಇಲ್ಲ. ಕಾಂಕ್ರೀಟನ್ನು ನೀರಿನಿಂದಲೇ ಒಡೆಯುವ ಯಂತ್ರಗಳು ಸಾವಿರ ಬಾರ್‌ನ ಆಚೆಯವು. ಅವನ್ನು ಚರಂಡಿ ಪೈಪಿಗೆ ಬಿಟ್ಟರೆ ಸಿಮೆಂಟಿನ ಜೊತೆ ಪೈಪೂ ಹೋಗುತ್ತದೆ.

ಬೇರುಗಳದ್ದು ಇನ್ನೊಂದು ಕತೆ. ಹಳೆಯ ಬಡಾವಣೆಗಳಲ್ಲಿ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪುಗಳಿವೆ, ತುಂಡು ತುಂಡಾಗಿ ಜೋಡಿಸಿದ್ದು. ಆಲ, ಅರಳಿ, ಅತ್ತಿಯ ಬೇರು ಆ ಜಾಯಿಂಟಿನ ಕೂದಲೆಳೆ ಸಂದಿಯಲ್ಲಿ ನುಗ್ಗಿ ಒಳಗೆ ಜಡೆ ಬಿಡುತ್ತದೆ. ಜೆಟ್ ಅದನ್ನು ಕತ್ತರಿಸುತ್ತದೆ, ಸಂದಿ ಹಾಗೇ ಉಳಿಯುತ್ತದೆ. ಮತ್ತೆ ಬೆಳೆಯುತ್ತದೆ. ಬಿರುಕು ಬಿಟ್ಟ ಪೈಪಿಗೆ ಜಾಸ್ತಿ ಒತ್ತಡ ಹಾಕಿದರೆ ಸುತ್ತಲಿನ ಮಣ್ಣೇ ಕೊಚ್ಚಿ ಒಳಬರುತ್ತದೆ, ಮೇಲೆ ರಸ್ತೆ ಕುಸಿಯುತ್ತದೆ. ಹೊರಬರುವ ನೀರಿನಲ್ಲಿ ಕೆಂಪು ಮಣ್ಣು ಬರುತ್ತಲೇ ಇದ್ದರೆ ಅಲ್ಲಿಗೆ ನಿಲ್ಲಿಸಿ, ಕ್ಯಾಮೆರಾ ಇಳಿಸಿ ನೋಡಬೇಕು.

ಜಿಡ್ಡಿಗೆ ಜೆಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಣ್ಣೀರು ಅದನ್ನು ಕರಗಿಸುವುದಿಲ್ಲ, ಚೂರು ಮಾಡುತ್ತದೆ. ಚೂರುಗಳು ಮುಂದೆ ಹೋಗಿ ಮತ್ತೆ ಒಂದಾಗುತ್ತವೆ. ಹೋಟೆಲ್ ಅಡುಗೆಮನೆಯ ಪೈಪಿಗೆ ಬಿಸಿನೀರಿನ ಜೆಟ್ ಒಳ್ಳೆಯದು, ಪೈಪು ಪಿವಿಸಿ ಆಗಿದ್ದರೆ ಮಾತ್ರ ಬೇಡ, ಹೆಚ್ಚು ಬಿಸಿಗೆ ಅದು ಮೆತ್ತಗಾಗುತ್ತದೆ. ಜಿಡ್ಡನ್ನು ಅಸಡ್ಡೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ವೈಟ್‌ಚಾಪೆಲ್ ಪ್ರಸಿದ್ಧ ಉದಾಹರಣೆ. 2017ರಲ್ಲಿ ಅಲ್ಲಿನ ಚರಂಡಿಯಲ್ಲಿ ಎಣ್ಣೆ, ಕೊಬ್ಬು, ವೆಟ್ ವೈಪ್ಸ್ ಸೇರಿ 250 ಮೀಟರ್ ಉದ್ದ, 130 ಟನ್ ತೂಕದ ಗಡ್ಡೆ ಸಿಕ್ಕಿತ್ತು. ಜೆಟ್ ಹೊಡೆದು, ಸಲಿಕೆ ಹಿಡಿದು ವಾರಗಟ್ಟಲೆ ಒಡೆದರು. ಅದರ ಒಂದು ತುಂಡನ್ನು ಆಮೇಲೆ ಮ್ಯೂಸಿಯಂನಲ್ಲಿ ಇಟ್ಟರು ಅನ್ನುವುದು ಬೇರೆ ಮಾತು.

ನೀರಿನ ಖರ್ಚನ್ನೂ ಹೇಳಬೇಕು. ನಿಮಿಷಕ್ಕೆ 300 ಲೀಟರ್ ಅಂದರೆ ಅರ್ಧ ಗಂಟೆಗೆ 9,000 ಲೀಟರ್. ಅದನ್ನು ಕುಡಿಯುವ ನೀರಿನಲ್ಲಿ ಮಾಡುವುದು ತಪ್ಪು. ಸಂಸ್ಕರಿಸಿದ ನೀರು ಸಾಕು, ಚೆನ್ನಾಗಿ ಸೋಸಿರಬೇಕು ಅಷ್ಟೆ, ಇಲ್ಲದಿದ್ದರೆ ನಾಝಲ್ ತೂತು ಕಟ್ಟಿಕೊಳ್ಳುತ್ತದೆ. ಹೀರಿದ ಕೊಳಚೆಯನ್ನೇ ಸ್ಥಳದಲ್ಲೇ ಸೋಸಿ ಮತ್ತೆ ಜೆಟ್‌ಗೆ ಬಳಸುವ ರಿಸೈಕ್ಲರ್ ಗಾಡಿಗಳೂ ಬಂದಿವೆ. ದುಬಾರಿ, ಆದರೆ ನೀರಿನ ಟ್ಯಾಂಕ್ ತುಂಬಿಸಿಕೊಳ್ಳಲು ಓಡಾಡುವ ಸಮಯ ಉಳಿಯುತ್ತದೆ.

ಅಂಗಳ, ಹೆಂಚು, ಕಾರು

ನೆಲ, ಗೋಡೆ ತೊಳೆಯುವಾಗ ಲೆಕ್ಕ ಉಲ್ಟಾ. ಇಲ್ಲಿ ಗಲೀಜು ಸಾಗಿಸಲು ಇಳಿಜಾರಿದೆ, ಪೊರಕೆ ಇದೆ. ಲೀಟರ್ ಕಮ್ಮಿಯಿದ್ದರೂ ನಡೆಯುತ್ತದೆ. ಹುಷಾರಾಗಿರಬೇಕಾದ್ದು ಒತ್ತಡದ ಬಗ್ಗೆ. ನಾಝಲ್‌ಗಳಿಗೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಸೊನ್ನೆ ಡಿಗ್ರಿ, ನೀರು ಒಂದೇ ಚುಕ್ಕೆಗೆ ಬಡಿಯುತ್ತದೆ. ಹಳದಿ 15, ಹಸಿರು 25, ಬಿಳಿ 40 ಡಿಗ್ರಿ, ಬೀಸಣಿಗೆಯಂತೆ ಹರಡುತ್ತದೆ. ಹಸಿರು ನಾಝಲ್ ಅನ್ನು ಒಂದು ಅಡಿ ದೂರ ಹಿಡಿದರೆ ನೀರು ಸುಮಾರು 13 ಸೆಂಟಿಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಅರ್ಧ ಅಡಿಗೆ ತಂದರೆ ಅಗಲ ಅರ್ಧ, ಏಟು ಎರಡು ಪಟ್ಟು. ಹಾಗಾಗಿ ಮೆಷಿನ್ನಿನ ನಾಬ್ ತಿರುಗಿಸುವುದಕ್ಕಿಂತ ನಿಮ್ಮ ಕೈಯ ದೂರವೇ ಮುಖ್ಯ. ದೂರದಿಂದ ಶುರು ಮಾಡಿ ಹತ್ತಿರ ಬನ್ನಿ. ಕೆಂಪು ನಾಝಲ್ಲು ಮನೆಯಲ್ಲಿ ಬೇಕಾಗುವುದೇ ಇಲ್ಲ, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ.

ಕರಾವಳಿ, ಮಲೆನಾಡಿನ ಸಿಮೆಂಟ್ ಅಂಗಳದ ಪಾಚಿಗೆ ಜೆಟ್ ಹೇಳಿ ಮಾಡಿಸಿದ್ದು. ಆದರೆ ಹಟ ಹಿಡಿದು ಹತ್ತಿರದಿಂದ ಹೊಡೆದರೆ ಪಾಚಿಯ ಜೊತೆ ಮೇಲಿನ ನಯವಾದ ಸಿಮೆಂಟ್ ಪದರವೂ ಎದ್ದುಹೋಗುತ್ತದೆ. ತರಿತರಿಯಾದ ನೆಲದಲ್ಲಿ ನೀರು ನಿಲ್ಲುತ್ತದೆ, ಮುಂದಿನ ಮಳೆಗಾಲಕ್ಕೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. ಮಂಗಳೂರು ಹೆಂಚಿಗೆ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಮಳೆ ಬೀಳುವ ದಿಕ್ಕಿನಲ್ಲೇ ಹೊಡೆಯಬೇಕು. ಕೆಳಗಿನಿಂದ ಮೇಲಕ್ಕೆ ಹೊಡೆದರೆ ಹೆಂಚಿನ ಸಂದಿಯಿಂದ ಅಟ್ಟಕ್ಕೆ ನೀರು. ಗಾರೆ ಹಚ್ಚದ ಕೆಂಪು ಕಲ್ಲಿನ ಗೋಡೆ ಉದುರುತ್ತದೆ, ಅದರ ಸುದ್ದಿಗೆ ಹೋಗಬೇಡಿ. ಇಂಟರ್‌ಲಾಕ್ ಇಟ್ಟಿಗೆಯ ಸಂದಿಯ ಮರಳು ಎಗರಿಹೋದರೆ ಮತ್ತೆ ತುಂಬಬೇಕು, ಇಲ್ಲದಿದ್ದರೆ ಇಟ್ಟಿಗೆ ಅಲ್ಲಾಡಲು ಶುರು. ಟೆರೇಸಿನ ವಾಟರ್‌ಪ್ರೂಫ್ ಪೇಂಟ್, ಎಸಿಯ ತೆಳು ರೆಕ್ಕೆಗಳು, ಸೋಲಾರ್ ಪ್ಯಾನೆಲ್ ಮೂರಕ್ಕೂ ಸುಮ್ನೆ ಪೈಪಿನ ನೀರು, ಮೆತ್ತನೆ ಬ್ರಷ್ ಸಾಕು. ಕಾರಿನ ಟೈರ್‌ನ ಪಕ್ಕದ ಗೋಡೆಗೆ ಹತ್ತಿರದಿಂದ ಹೊಡೆದರೆ ರಬ್ಬರ್ ಒಳಗೆ ಗಾಯವಾಗುತ್ತದೆ. ಹೊರಗೆ ಕಾಣುವುದಿಲ್ಲ, ಹೈವೇಯಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ನೆನಪು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಗಾಡಿ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಲೆಕ್ಕ ನೋಡಿದರೆ ವಾಷರ್ ಬಳಸುವ ನೀರು ಸಾದಾ ಪೈಪಿಗಿಂತ ಕಮ್ಮಿಯೇ. ಆದರೂ ಸಂಪಿನ ಕಾವೇರಿ ನೀರಿನ ಬದಲು ಹಿಡಿದಿಟ್ಟ ಮಳೆನೀರು ಬಳಸುವುದು ಒಳ್ಳೆಯದು.

ನಿಮ್ಮ ಬೀದಿಯ ಚೇಂಬರ್ ಉಕ್ಕಿದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆಗೆ. ಯಾವ ಚೇಂಬರ್ ತುಂಬಿದೆ ಅಂತ ಗುರುತು ಸಮೇತ ಹೇಳಿ. ಮುಚ್ಚಳ ನೀವೇ ತೆಗೆಯಲು ಹೋಗಬೇಡಿ. ಮಳೆ ಬಂದಾಗ ಮಾತ್ರ ಉಕ್ಕುತ್ತಿದ್ದರೆ ಬ್ಲಾಕ್ ಇಲ್ಲದೆಯೂ ಇರಬಹುದು. ಬೀದಿಯ ನಾಲ್ಕು ಮನೆಯವರು ಟೆರೇಸಿನ ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿದ್ದರೆ, ಆ ನೀರು ಹಿಡಿಸಲು ಪೈಪಿಗೆ ಜಾಗವೇ ಇರುವುದಿಲ್ಲ. ಎಷ್ಟು ಜೆಟ್ ಹೊಡೆದರೂ ಅದು ಸರಿಹೋಗದು.

ಅಪಾರ್ಟ್‌ಮೆಂಟಿಗೆ ಖಾಸಗಿಯವರನ್ನು ಕರೆಸುವುದಾದರೆ ದರ ಕೇಳುವ ಮುಂಚೆ ಇಷ್ಟು ಕೇಳಿ. ನಿಮಿಷಕ್ಕೆ ಎಷ್ಟು ಲೀಟರ್? ನಾಝಲ್ ಎಷ್ಟು ಥರ ತರುತ್ತೀರಿ? ಹೋಸ್ ಯಾವ ಚೇಂಬರ್‌ನಿಂದ ಇಳಿಸುತ್ತೀರಿ? ಹೂಳು ಎತ್ತುವ ಗಾಡಿ ಜೊತೆಗೇ ಬರುತ್ತಾ, ಎತ್ತಿದ್ದನ್ನು ಎಲ್ಲಿ ಸುರಿಯುತ್ತೀರಿ? ಕೊನೆಯ ಪ್ರಶ್ನೆಗೆ ‘ಅದನ್ನ ನಮ್ಮ ಹುಡುಗ ಇಳಿದು ತೆಗೀತಾನೆ ಸಾರ್’ ಅನ್ನುವ ಉತ್ತರ ಬಂದರೆ, ಗಾಡಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿ.